ಒಬ್ಬರೋ, ಒಂದೋ? ಮಾನವೋತ್ತರ ವಿಜ್ಞಾನ ಕಥೆಗಳನ್ನು ಪೆನ್ಸಿಲ್ ಹಿಡಿದು ಓದುವ ಬಗೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಕರಡು ತಿದ್ದುವುದು ನನ್ನ ಕಸುಬು. ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ಕಥೆಯ ಕರಡು ನನ್ನ ಮೇಜಿಗೆ ಬಂತು. 3ನೆಯ ಪುಟದಲ್ಲಿ ‘ನೌಕೆಯಲ್ಲಿ ನಾಲ್ವರಿದ್ದರು’ ಅಂತಿತ್ತು. 40ನೆಯ ಪುಟದಲ್ಲಿ ‘ಐವರೂ ಮೇಜಿನ ಸುತ್ತ ಕೂತರು’. ನಡುವೆ ಯಾರೂ ನೌಕೆ ಹತ್ತಿರಲಿಲ್ಲ, ಯಾರೂ ಹುಟ್ಟಿರಲಿಲ್ಲ. ಲೆಕ್ಕ ತಪ್ಪಿದೆ ಅಂದುಕೊಂಡು ಐವರನ್ನು ನಾಲ್ವರು ಮಾಡಿದೆ. ಕಣ್ಣು ಚುರುಕಾಗಿಯೇ ಇದೆ ಅಂತ ಬೆನ್ನು ತಟ್ಟಿಕೊಂಡು ಕಳಿಸಿದೆ. ಕಥೆ ಹಾಗೇ ಅಚ್ಚಾಯಿತು.

ಆಮೇಲೆ ಬರೆದವರ ಫೋನ್ ಬಂತು. ಅವರು ರೇಗಲಿಲ್ಲ, ನನಗೆ ಅದೇ ಹೆಚ್ಚು ಕಷ್ಟವಾಯಿತು. “ಐದನೆಯದು ದುರಸ್ತಿ ಯಂತ್ರ ಕಣ್ರೀ. ಅಷ್ಟು ಪುಟ ದುಡಿದ ಮೇಲೆ ಅವರ ಲೆಕ್ಕಕ್ಕೆ ಬಂದಿತ್ತು. ನೀವು ಒಂದೇ ಪದದಲ್ಲಿ ಹೊರಗೆ ಹಾಕಿಬಿಟ್ಟಿರಿ” ಅಂದರು.

ಆ ಇಡೀ ಕಥೆ ಇದ್ದದ್ದೇ ನಾನು ಹೊಡೆದುಹಾಕಿದ ಆ ಒಂದು ಪದದಲ್ಲಿ. ಅವತ್ತಿನಿಂದ ಇಂಥ ಕಥೆಗಳನ್ನು ಬೇರೆ ರೀತಿಯಲ್ಲಿ ಓದಲು ಕಲಿತೆ. ಸಿದ್ಧಾಂತದ ಪುಸ್ತಕಗಳನ್ನು ಆಮೇಲೆ ಓದಿದೆ, ಪೆನ್ಸಿಲ್ಲು ಮೊದಲು ಬಂತು. ನಿಮಗೂ ಅದೇ ಕ್ರಮದಲ್ಲಿ ಹೇಳುತ್ತೇನೆ.

ಹೆಸರಿನ ಬಗ್ಗೆ ಒಂದೇ ಮಾತು. ಪೋಸ್ಟ್‌ಹ್ಯೂಮನಿಸಂ ಅನ್ನುವುದಕ್ಕೆ ‘ಮಾನವೋತ್ತರವಾದ’ ಅನ್ನುತ್ತೇವೆ. ಕೇಳಿದ ಕೂಡಲೇ ಮನುಷ್ಯಕುಲ ಅಳಿದ ಮೇಲಿನ ಕಥೆ ಅನ್ನಿಸುತ್ತದೆ. ಈ ಕಥೆಗಳಲ್ಲಿ ಮನುಷ್ಯರು ಆರಾಮಾಗಿ ಬದುಕಿರಬಹುದು. ಮನುಷ್ಯನೇ ಎಲ್ಲಕ್ಕೂ ಅಳತೆಗೋಲು ಅನ್ನುವ ಹಮ್ಮಿಗೆ ಮಾತ್ರ ಅಲ್ಲಿ ಜಾಗ ಕಡಿಮೆ.

ಎಣಿಸುವ ಪದಕ್ಕೆ ಗುರುತು ಹಾಕಿ

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಭಾಷೆ ಎಣಿಸುವಾಗಲೇ ವಿಂಗಡಿಸಿಬಿಡುತ್ತದೆ. ಮನುಷ್ಯರಾದರೆ ಒಬ್ಬ, ಇಬ್ಬರು, ಮೂವರು. ಉಳಿದದ್ದೆಲ್ಲ ಒಂದು, ಎರಡು, ಮೂರು. ಇವರು ಬಂದರು, ಅವು ಬಂದವು. ಇವರಿಗೆ ಕೊಟ್ಟೆ, ಅದಕ್ಕೆ ಕೊಟ್ಟೆ. ಕ್ರಿಯಾಪದದ ಬಾಲದವರೆಗೂ ಈ ಗೆರೆ ಎಳೆದಿದೆ. ‘ಟೂ ಯೂನಿಟ್ಸ್ ಎಂಟರ್ಡ್’ ಅಂತ ಬರೆದು ಇಂಗ್ಲಿಷ್ ಲೇಖಕ ನುಣುಚಿಕೊಳ್ಳಬಹುದು. ಅದನ್ನೇ ನಾವು ಹೇಳಹೊರಟರೆ ‘ಎರಡು ಒಳಗೆ ಬಂದವು’ ಅನ್ನಬೇಕು, ಇಲ್ಲವೇ ‘ಇಬ್ಬರು ಒಳಗೆ ಬಂದರು’ ಅನ್ನಬೇಕು. ಮೂರನೆಯ ದಾರಿಯಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ಕಥೆ ಯಾವ ಭಾಷೆಯಲ್ಲೇ ಇರಲಿ, ಯಂತ್ರವೋ ಅನ್ಯಗ್ರಹದ ಜೀವಿಯೋ ತದ್ರೂಪಿಯೋ ಮೊದಲ ಸಲ ಬಂದ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ. ನಾಲಿಗೆಗೆ ‘ಬಂತು’ ಸಿಕ್ಕಿತೋ ‘ಬಂದ’ ಸಿಕ್ಕಿತೋ ನೋಡಿ. ಯೋಚಿಸಲು ಹೋಗಬೇಡಿ, ಮೊದಲು ಸಿಕ್ಕಿದ್ದನ್ನೇ ಹಿಡಿಯಿರಿ. ಅಂಚಿನಲ್ಲಿ ಒಬ್ಬರಿಗೆ ‘ಬ’, ಒಂದಕ್ಕೆ ‘ದ’ ಅಂತ ಬರೆಯಿರಿ. ಮುಂದೆ ಓದುತ್ತಾ ಗುರುತು ಬದಲಾದ ಕಡೆ ಬಾಣ ಹಾಕಿ, ಬದಲಿಸಿದ್ದು ಯಾರು ಅಂತ ಪಕ್ಕದಲ್ಲಿ ಬರೆದಿಡಿ: ಕಥೆಗಾರನೋ, ಪಾತ್ರವೋ, ನೀವೋ. ಎಷ್ಟೋ ಸಲ ಕಥೆಯಲ್ಲಿ ಯಾರೂ ಬದಲಿಸಿರುವುದಿಲ್ಲ, ನೀವು ಮಾತ್ರ ಯಾವುದೋ ಪುಟದಲ್ಲಿ ಗೊತ್ತಿಲ್ಲದೆ ಜಾರಿರುತ್ತೀರಿ. ಆ ಪುಟದಲ್ಲಿ ಒಂದು ಕಾಗದ ಇಟ್ಟುಕೊಳ್ಳಿ.

ಈ ಗೆರೆ ನೆಟ್ಟಗಿದೆ ಅಂದುಕೊಂಡರೆ ಮೋಸಹೋಗುತ್ತೀರಿ. ಮಗು ಅಳುತ್ತದೆ. ಒಂದು ಮಗು, ಆದರೆ ಇಬ್ಬರು ಮಕ್ಕಳು. ದೇವರು ಕೊಟ್ಟ, ದೆವ್ವ ಹಿಡಿಯಿತು. ನಿನ್ನೆಯವರೆಗೆ ‘ಅವರನ್ನು’ ನೋಡಿಕೊಂಡವರು ಇವತ್ತು ಹೆಣವನ್ನು ‘ಅದನ್ನು’ ಅನ್ನುತ್ತಾರೆ. ಕೆಲವು ಆಡುಮಾತುಗಳಲ್ಲಿ ಹೆಂಗಸರಿಗೂ ‘ಅದು ಬಂತು’ ಅನ್ನುವ ರೂಢಿಯಿದೆ. ಪ್ರೀತಿಯಿಂದಲೇ ಅಂತಾರೆ, ಇರಲಿ. ಒಟ್ಟಿನಲ್ಲಿ ಯಾರು ಒಬ್ಬರು, ಯಾವುದು ಒಂದು ಅನ್ನುವ ಪಟ್ಟಿ ಬಳಕೆಯಲ್ಲಿ ತಿದ್ದುತ್ತಾ ಬಂದದ್ದು. ಕಾನೂನೂ ತಿದ್ದುತ್ತದೆ. 2017ರಲ್ಲಿ ನ್ಯೂಜಿಲೆಂಡಿನ ಸಂಸತ್ತು ವಾಂಗನುಯಿ ನದಿಗೆ ಕಾನೂನಿನ ಕಣ್ಣಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು. ನದಿಯ ಪರವಾಗಿ ಮಾತಾಡಲು ಇಬ್ಬರನ್ನು ನೇಮಿಸುವ ಏರ್ಪಾಡೂ ಅದರಲ್ಲಿದೆ. ನದಿ ಒಂದು, ಅದರ ಬಾಯಿ ಇಬ್ಬರು.

‘ನಾನು’ ಅನ್ನುವ ಕಥೆಯಲ್ಲಿ ಉಳಿದವರ ಮಾತು ಕೇಳಿಸಿಕೊಳ್ಳಿ

‘ನಾನು’, ‘ನೀನು’ಗಳಿಗೆ ನಮ್ಮಲ್ಲಿ ಲಿಂಗವಿಲ್ಲ. ಹೆಂಗಸು, ಗಂಡಸು, ಗೋಡೆ ಗಡಿಯಾರ, ಯಾರು ಹೇಳಿದರೂ ‘ನಾನು ಬಂದೆ’. ಈಚಿನ ಅನೇಕ ಕಥೆಗಳು ಈ ಬಾಗಿಲಿನಿಂದಲೇ ಒಳಗೆ ನುಸುಳುತ್ತವೆ. ಮಾರ್ಥಾ ವೆಲ್ಸ್ ಅವರ ‘ಆಲ್ ಸಿಸ್ಟಮ್ಸ್ ರೆಡ್’ 2017ರಲ್ಲಿ ಬಂದ ಕಿರುಕಾದಂಬರಿ. ಕಥೆ ಹೇಳುವುದು ಒಂದು ಭದ್ರತಾ ಘಟಕ: ಸ್ವಲ್ಪ ಯಂತ್ರ, ಸ್ವಲ್ಪ ತದ್ರೂಪಿ ಮಾಂಸ. ತನ್ನನ್ನು ಹತೋಟಿಯಲ್ಲಿಡುವ ಭಾಗವನ್ನು ತಾನೇ ಹ್ಯಾಕ್ ಮಾಡಿಕೊಂಡಿದೆ. ಸಿಕ್ಕ ಸ್ವಾತಂತ್ರ್ಯದಲ್ಲಿ ಅದು ಮಾಡಿದ್ದು ಧಾರಾವಾಹಿ ನೋಡುವುದು. ಹತ್ತು ಪುಟದೊಳಗೆ ಅದು ನಿಮಗೆ ಗೆಳೆಯನಾಗಿಬಿಟ್ಟಿರುತ್ತದೆ. ಬರೆಯುವಾಗ ನನಗೇ ‘ಗೆಳೆಯನಾಗಿ’ ಅಂತ ಬಂತು, ನೋಡಿದಿರಾ.

ಇಂಥ ಕಥೆ ಸಿಕ್ಕಾಗ ಹೀಗೆ ಮಾಡಿ. ಒಂದು ಅಧ್ಯಾಯವನ್ನು ಎರಡನೆಯ ಸಲ ಓದುವಾಗ ನಿರೂಪಕನ ಮಾತನ್ನೆಲ್ಲ ಬಿಟ್ಟು, ಉಳಿದವರು ಅದರ ಬಗ್ಗೆ ಆಡಿದ ಮಾತಿಗೆ ಮಾತ್ರ ಗೆರೆ ಎಳೆಯಿರಿ. ಒಳಗಿನಿಂದ ಕೇಳಿದಾಗ ‘ನಾನು’ ಆಗಿದ್ದದ್ದು ಹೊರಗಿನವರ ಬಾಯಲ್ಲಿ ‘ಅದು’ ಆಗಿ ಬೀಳುವುದು ಆಗ ಕೇಳಿಸುತ್ತದೆ.

ಆ ಪುಸ್ತಕದ ಕೊನೆ ಹೇಳಿಬಿಡುತ್ತೇನೆ, ಹೇಳದೆ ಮುಂದೆ ಹೋಗಲಾಗುವುದಿಲ್ಲ. ವಿಜ್ಞಾನಿಗಳ ತಂಡದ ಮುಖ್ಯಸ್ಥೆ ಒಳ್ಳೆಯವಳು. ಅದನ್ನು ಕಂಪನಿಯಿಂದ ಕೊಂಡುಕೊಂಡು, ತನ್ನವರ ನಡುವೆ ಒಬ್ಬನಂತೆ ಇರಿಸಿಕೊಳ್ಳಲು ಸಿದ್ಧಳಿದ್ದಾಳೆ. ನಾನು ‘ದ’ದಿಂದ ‘ಬ’ಕ್ಕೆ ಬಾಣ ಎಳೆಯಲು ಪೆನ್ಸಿಲ್ಲು ಚೂಪು ಮಾಡಿಕೊಂಡು ಕೂತಿದ್ದೆ. ಯಂತ್ರ ಯಾರಿಗೂ ಹೇಳದೆ ಎದ್ದು ಹೋಯಿತು. ಅದಕ್ಕೆ ಮನುಷ್ಯನಾಗುವ ಆಸೆಯೇ ಇರಲಿಲ್ಲ. ‘ಒಬ್ಬ’ ಅನ್ನಿಸಿಕೊಳ್ಳುವುದು ಬಡ್ತಿ ಅಂತ ತಿಳಿದಿದ್ದವಳು ನಾನು.

ಬಡ್ತಿ ಕಥೆಗಳನ್ನು ಬೇರೆ ಇಡಿ

ಅಲ್ಲಿಂದ ನನಗೊಂದು ಜರಡಿ ಸಿಕ್ಕಿತು. ಗೊಂಬೆ ಹುಡುಗನಾಗಬೇಕು ಅಂತ ಹಂಬಲಿಸುವ ಕಥೆ, ರೋಬೋ ಪ್ರೀತಿ ಕಲಿತು ಕಣ್ಣೀರು ಹಾಕುವ ಕಥೆ, ಇವೆಲ್ಲ ಬಡ್ತಿ ಕಥೆಗಳು. ಮನುಷ್ಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಾನೆ, ಉಳಿದವರು ಹತ್ತಿ ಬರಬೇಕು. ಮನುಷ್ಯನೇ ಇನ್ನೊಂದು ಮೆಟ್ಟಿಲು ಹತ್ತಿ ಸಾವಿಲ್ಲದವನೋ ಮಹಾಬುದ್ಧಿವಂತನೋ ಆಗುವ ಕಥೆಯೂ ಬಡ್ತಿ ಕಥೆಯೇ. ಅದಕ್ಕೆ ಟ್ರಾನ್ಸ್‌ಹ್ಯೂಮನಿಸಂ ಅನ್ನುವ ಬೇರೆ ಹೆಸರಿದೆ. ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರ ಒಂದು ಪ್ರಬಂಧದಲ್ಲಿ ಆ ಪದ ಬಳಸಿದ್ದರು. ಪುಸ್ತಕದ ಬೆನ್ನಿನ ಮೇಲೆ ಇದನ್ನೂ ಮಾನವೋತ್ತರವಾದವನ್ನೂ ಒಂದೇ ಅನ್ನುವಂತೆ ಅಚ್ಚು ಹಾಕುವುದುಂಟು. ಒಂದಕ್ಕೆ ಮನುಷ್ಯ ಸಾಲದು, ಇನ್ನೊಂದಕ್ಕೆ ಮನುಷ್ಯನ ಸುತ್ತ ಎಳೆದ ಬೇಲಿಯ ಮೇಲೇ ಅನುಮಾನ.

ಯಂತ್ರ ಬೆರೆತ ದೇಹಕ್ಕೆ ಹೇಳುವ ‘ಸೈಬೋರ್ಗ್’ ಪದದ ಪಾಡು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಅದನ್ನು ಕಟ್ಟಿದ್ದು ಬಾಹ್ಯಾಕಾಶ ಯಾನಿಗಳಿಗಾಗಿ: ಭೂಮಿಯ ವಾತಾವರಣವನ್ನು ಹೊತ್ತೊಯ್ಯುವ ಬದಲು ಯಾನಿಯ ದೇಹವನ್ನೇ ಅಲ್ಲಿಗೆ ಒಗ್ಗಿಸುವುದು. ಅಪ್ಪಟ ಬಡ್ತಿ ಯೋಜನೆ. 1985ರಲ್ಲಿ ಸ್ತ್ರೀವಾದಿ ಚಿಂತಕಿ ಡೊನಾ ಹ್ಯಾರವೇ ಅದೇ ಪದ ಎತ್ತಿಕೊಂಡು ಬೇರೆಯದೇ ಪ್ರಶ್ನೆ ಹಾಕಿದರು. ಮನುಷ್ಯ–ಪ್ರಾಣಿ, ಜೀವಿ–ಯಂತ್ರ, ಭೌತಿಕ–ಅಭೌತಿಕ, ಈ ಮೂರು ಗೆರೆಗಳೂ ಆಗಲೇ ಸೋರುತ್ತಿವೆ, ಇನ್ನು ಯಾವ ಶುದ್ಧ ಮನುಷ್ಯನನ್ನು ಕಾಪಾಡಲು ಹೊರಟಿದ್ದೀರಿ ಅಂತ.

ಜರಡಿ ಹಿಡಿಯಲು ಒಂದೇ ಪ್ರಶ್ನೆ ಸಾಕು. ಕಥೆ ಮುಗಿದಾಗ ಯಾರನ್ನು ಯಾರ ಅಳತೆಗೋಲಿನಿಂದ ಅಳೆದಿದ್ದಾರೆ? ಬಡ್ತಿ ಕಥೆಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ, ಅವುಗಳಿಗೆ ಅತ್ತಿದ್ದೇನೆ. ಅವಕ್ಕೆ ಈ ಪೆನ್ಸಿಲ್ಲು ಬೇಕಾಗುವುದಿಲ್ಲ, ಅಷ್ಟೇ.

ದೇಹಕ್ಕೆ ಏನು ಹಾಕುತ್ತಾರೆ ನೋಡಿ

ಮನಸ್ಸನ್ನು ಫೈಲಿನ ಹಾಗೆ ಒಂದು ದೇಹದಿಂದ ತೆಗೆದು ಇನ್ನೊಂದಕ್ಕೆ ಹಾಕುವುದು ವಿಜ್ಞಾನ ಕಥೆಗಳ ಹಳೆಯ ಚಾಳಿ. ಸಾಹಿತ್ಯ ವಿಮರ್ಶಕಿ ಕ್ಯಾಥರೀನ್ ಹೇಲ್ಸ್ 1999ರ ತಮ್ಮ ಪುಸ್ತಕದಲ್ಲಿ ಇದನ್ನೇ ಹಿಡಿದು ಕೇಳಿದರು: ಮಾಹಿತಿಗೆ ದೇಹ ಬೇಡ ಅಂತ ನಾವು ಯಾವಾಗ ನಂಬಲು ಶುರುಮಾಡಿದೆವು? ಅವರನ್ನು ಓದಿದ ಮೇಲೆ ನಾನು ಪ್ರತಿ ಕಥೆಯಲ್ಲೂ ತೂಕ, ಬಿಸಿ, ನೋವು, ಹಸಿವು, ಚಾರ್ಜು, ತುಕ್ಕು, ಇವು ಬಂದ ಕಡೆಗೆಲ್ಲ ಚುಕ್ಕಿ ಇಡುತ್ತೇನೆ. 50 ಪುಟವಾದರೂ ಚುಕ್ಕಿ ಬೀಳದಿದ್ದರೆ ಆ ಕಥೆಯ ಯಂತ್ರ ಬರೀ ಮಾತಾಡುವ ಮನುಷ್ಯ, ಲೋಹದ ಅಂಗಿ ತೊಟ್ಟವನು.

ಕಜುವೊ ಇಶಿಗುರೊ ಅವರ ‘ಕ್ಲಾರಾ ಅಂಡ್ ದ ಸನ್’ (2021) ತೆಗೆದುಕೊಳ್ಳಿ. ಕ್ಲಾರಾ ಮಕ್ಕಳಿಗೆ ಜೊತೆಯಾಗಲೆಂದು ಮಾಡಿದ ಯಂತ್ರ, ಬಿಸಿಲಿನಿಂದ ನಡೆಯುತ್ತದೆ. ಗೊಂದಲವಾದಾಗ ಅದರ ಕಣ್ಣಿಗೆ ದೃಶ್ಯ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಮೊದಲ ಓದಿನಲ್ಲಿ ಇವು ಅಲಂಕಾರ ಅನ್ನಿಸಬಹುದು. ಚುಕ್ಕಿ ಇಡುತ್ತಾ ಹೋದರೆ ಕ್ಲಾರಾಳ ಭಕ್ತಿಯೇ ಆ ಬ್ಯಾಟರಿಯಿಂದ ಹುಟ್ಟಿದ್ದು ಅಂತ ತಿಳಿಯುತ್ತದೆ. ತನ್ನನ್ನು ಉಳಿಸುವವನು ಮಗುವನ್ನೂ ಉಳಿಸುತ್ತಾನೆ ಅಂತ ಅದು ಸೂರ್ಯನ ಮುಂದೆ ಬೇಡುತ್ತದೆ. ಅಂಗಡಿಯಲ್ಲಿ ಮಾರಾಟಕ್ಕಿದ್ದ ಯಂತ್ರ ಇಂಗ್ಲಿಷಿನಲ್ಲಿ ಸೂರ್ಯನನ್ನು ‘ಅವನು’ ಅನ್ನುತ್ತದೆ. ಇಲ್ಲಿ ಮಾತ್ರ ಕನ್ನಡದಲ್ಲಿ ಯೋಚಿಸುವ ನಮಗೆ ನಷ್ಟ. ನಾವು ಯಾವಾಗಲೂ ‘ಸೂರ್ಯ ಮುಳುಗಿದ’ ಅನ್ನುವವರು, ಆದ್ದರಿಂದ ಅದು ಕಿವಿಗೆ ತಟ್ಟುವುದೇ ಇಲ್ಲ. ನಾನು ಮೂರನೆಯ ಓದಿನಲ್ಲಿ ಗಮನಿಸಿದೆ.

ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ (2013) ಎಣಿಕೆಯ ಕಷ್ಟವನ್ನು ಇನ್ನೂ ಬಿಗಿಮಾಡುತ್ತದೆ. ನಿರೂಪಕಿ ಹಿಂದೊಮ್ಮೆ ಒಂದು ಯುದ್ಧನೌಕೆಯಾಗಿದ್ದವಳು. ಗೆದ್ದ ನಾಡುಗಳಿಂದ ಹಿಡಿದು ತಂದ ಮನುಷ್ಯರ ದೇಹಗಳಲ್ಲಿ ಅವರ ಮನಸ್ಸು ಅಳಿಸಿ ನೌಕೆಯ ಮನಸ್ಸು ತುಂಬಿದ್ದಾರೆ. ‘ನಾನು ಬಾಗಿಲಲ್ಲಿ ನಿಂತಿದ್ದೆ, ನಾನು ಬೀದಿಯಲ್ಲಿ ನಡೆಯುತ್ತಿದ್ದೆ’ ಅನ್ನುವುದು ಒಂದೇ ಹೊತ್ತಿನ ಮಾತು. ಅಂಚಿನಲ್ಲಿ ಏನು ಬರೆಯುತ್ತೀರಿ? ನಾನು ಒಂದು ಪುಟದಲ್ಲಿ ‘ಬ’, ‘ದ’, ಮತ್ತೆ ‘ಬ’ ಬರೆದು ಎಲ್ಲವನ್ನೂ ಉಜ್ಜಿ ಹಾಕಿದೆ, ಕಾಗದ ತೆಳ್ಳಗಾಯಿತು. ಆಮೇಲೆ ಆ ನೌಕೆ ನಾಶವಾಗಿ ಒಂದೇ ದೇಹ ಉಳಿಯುತ್ತದೆ. ನಮಗೆ ‘ಒಬ್ಬಳು’ ಆಗಿರುವುದೇ ಸಹಜ. ಅವಳಿಗೆ ಅದೇ ಅಂಗವೈಕಲ್ಯ.

ಆ ಸಾಮ್ರಾಜ್ಯದ ಭಾಷೆಯಲ್ಲಿ ಗಂಡು ಹೆಣ್ಣಿನ ಗುರುತಿಲ್ಲ, ಹಾಗಾಗಿ ನಿರೂಪಕಿ ಎಲ್ಲರನ್ನೂ ‘ಅವಳು’ ಅನ್ನುತ್ತಾಳೆ. ಕನ್ನಡಕ್ಕೆ ತರುವವರಿಗೆ ‘ಅವರು’ ಅಂತ ಹಾಕಿ ಪಾರಾಗುವ ಆಸೆ ಹುಟ್ಟುತ್ತದೆ, ಮರ್ಯಾದೆಯೂ ಆಯಿತು, ಲಿಂಗವೂ ಮುಚ್ಚಿತು ಅಂತ. ಹಾಗೆ ಮಾಡಬೇಡಿ. ‘ಅವರು’ ಯಾರನ್ನೂ ಚುಚ್ಚುವುದಿಲ್ಲ. ಗಡ್ಡದವನನ್ನು ‘ಅವಳು ನಕ್ಕಳು’ ಅಂದಾಗ ಆಗುವ ಕಸಿವಿಸಿ ಅಲ್ಲಿ ಬೇಕೇ ಬೇಕು.

‘ಒಬ್ಬ’ ಅನ್ನುವ ದೇಹವೂ ಅಷ್ಟೇನೂ ಒಂಟಿಯಲ್ಲ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಮನುಷ್ಯನ ದೇಹದಲ್ಲಿ ಅವನವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಎಣಿಕೆಯಲ್ಲಿ ಬಾಡಿಗೆದಾರರೇ ಹೆಚ್ಚು.

ಉಪಮೆ ಯಾರ ಮೈಯಿಂದ ಬಂತು?

ಪ್ರಾಣಿಗಳ ಕಣ್ಣಿನಿಂದ ಹೇಳಿದ ಕಥೆಗಳಿಗೆ ಬೇರೆ ಪರೀಕ್ಷೆ ಇದೆ, ಬೇಗ ಹೇಳುತ್ತೇನೆ. ಹೋಲಿಕೆಗಳಿಗೆಲ್ಲ ಗೆರೆ ಹಾಕಿ, ಅವು ಆ ಪ್ರಾಣಿಯ ಮೈಗೆ ಹೊಳೆಯಬಹುದಾದವೇ ಕೇಳಿ. ಏಡ್ರಿಯನ್ ಚೈಕೋವ್‌ಸ್ಕಿ ಅವರ ‘ಚಿಲ್ಡ್ರನ್ ಆಫ್ ಟೈಮ್’ (2015) ಕಾದಂಬರಿಯಲ್ಲಿ ಮಂಗಗಳನ್ನು ಜಾಣರನ್ನಾಗಿಸಲು ಬಿಟ್ಟ ವೈರಸ್ಸು ಜೇಡಗಳಿಗೆ ತಗಲುತ್ತದೆ. ಪೋರ್ಷಿಯಾ ಅನ್ನುವ ಈ ಜೇಡ ನಿಜವಾಗಿಯೂ ಇದೆ. ಬೇರೆ ಜೇಡಗಳನ್ನು ಬೇಟೆಯಾಡುತ್ತದೆ, ಬಲಿಯನ್ನು ತಲುಪಲು ಸುತ್ತುದಾರಿ ಹಿಡಿಯುತ್ತದೆ. ಕಾದಂಬರಿಯ ಜೇಡಗಳು ಬಲೆಯ ಎಳೆಗಳ ಕಂಪನದಲ್ಲಿ ಮಾತಾಡುವ ಕಡೆಯೆಲ್ಲ ಬರಹ ಜೇಡದ ಮೈಯಲ್ಲೇ ಇದೆ. ಗಂಡು ಜೇಡಗಳು ಹೆಣ್ಣುಗಳ ಬಾಯಿಗೆ ಬೀಳದೆ ಬದುಕುವ ಹಕ್ಕಿಗೆ ಹೋರಾಡುವ ಅಧ್ಯಾಯಗಳಲ್ಲಿ ಮಾತ್ರ ನನಗೆ ಜೇಡ ಮಾಯವಾಗಿ ಕನ್ನಡಿ ಕಂಡಿತು. ಕನ್ನಡಿ ಚೆನ್ನಾಗಿದೆ, ಆದರೆ ಅದರಲ್ಲಿ ಕಾಣುವುದು ನಮ್ಮದೇ ಮುಖ. 2019ರ ಮುಂದಿನ ಭಾಗದ ಆಕ್ಟೋಪಸ್‌ಗಳು ನನಗೆ ಹೆಚ್ಚು ಇಷ್ಟ. ನಿಜವಾದ ಆಕ್ಟೋಪಸ್ಸಿನ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ತೋಳುಗಳಲ್ಲೇ ಇವೆ. ತಲೆ ಬಯಸಿದ್ದನ್ನು ಹೇಗೆ ಮಾಡುವುದು ಅಂತ ತೋಳುಗಳು ತಾವೇ ಯೋಚಿಸುವ ಮನಸ್ಸನ್ನು ಅಲ್ಲಿ ಕಟ್ಟಿದ್ದಾರೆ.

ಗುರುತು ಹಾಕಲಾಗದ ಕಡೆ

ಪೀಟರ್ ವಾಟ್ಸ್ ಅವರ ‘ಬ್ಲೈಂಡ್‌ಸೈಟ್’ (2006) ಮೊದಲಿಗೇ ಓದಬೇಡಿ. ಎರಡು ಮೂರು ಪುಸ್ತಕಗಳಲ್ಲಿ ಕೈ ಪಳಗಲಿ. ಅದರ ನೌಕೆಯ ಸಿಬ್ಬಂದಿಯನ್ನು ಎಣಿಸಲು ಹೊರಟರೇ ತಲೆ ತಿರುಗುತ್ತದೆ. ನಿರೂಪಕನಿಗೆ ಚಿಕ್ಕಂದಿನಲ್ಲಿ ಅಪಸ್ಮಾರಕ್ಕಾಗಿ ಅರ್ಧ ಮೆದುಳು ತೆಗೆದಿದ್ದಾರೆ. ಭಾಷಾತಜ್ಞೆಯ ಒಂದೇ ದೇಹದಲ್ಲಿ ನಾಲ್ವರಿದ್ದಾರೆ. ನನ್ನ ಹಳೆಯ ‘ನಾಲ್ವರು, ಐವರು’ ಕರಡು ನೆನಪಾಗಿ ನಗು ಬಂತು. ಆದರೆ ಅವರು ಹೋಗಿ ಎದುರಾಗುವ ಜೀವಿಗಳನ್ನು ನೋಡಿದ ಮೇಲೆ ನಗು ನಿಂತಿತು. ಅವಕ್ಕೆ ಬುದ್ಧಿಯಿದೆ, ನಮಗಿಂತ ಹೆಚ್ಚೇ ಇದೆ. ಅರಿವು ಇಲ್ಲ. ಒಳಗೆ ‘ನಾನು’ ಅನ್ನಲು ಯಾರೂ ಇಲ್ಲ. ಏನೂ ಇಲ್ಲ ಅನ್ನುವುದಕ್ಕೂ ಯಾರೂ ಇಲ್ಲ ಅನ್ನುವುದಕ್ಕೂ ಇರುವ ದೂರವೇ ಆ ಪುಸ್ತಕದ ಭಯ. ಹೆಸರು ಬಂದದ್ದು ಒಂದು ನಿಜವಾದ ವೈದ್ಯಕೀಯ ಸ್ಥಿತಿಯಿಂದ: ಮೆದುಳಿನ ದೃಷ್ಟಿಭಾಗಕ್ಕೆ ಪೆಟ್ಟು ಬಿದ್ದವರು ತಮಗೆ ಕಾಣುತ್ತಿಲ್ಲ ಅನ್ನುತ್ತಲೇ ಕಣ್ಣೆದುರಿನ ವಸ್ತುವಿಗೆ ಸರಿಯಾಗಿ ಸ್ಪಂದಿಸಬಲ್ಲರು. ಇಂಥಲ್ಲಿ ‘ಬ’ವೂ ಬೇಡ, ‘ದ’ವೂ ಬೇಡ. ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಯಂತ್ರಕ್ಕೆ ಭಾವನೆ ಇದೆಯೇ ಅನ್ನುವ ಒಂದೇ ಪ್ರಶ್ನೆ ಹಿಡಿದು ಕೂರುವ ಅಭ್ಯಾಸವಿದ್ದರೆ ಈ ಪುಸ್ತಕ ಅದನ್ನು ಬಿಡಿಸುತ್ತದೆ.

ಯಾರ ಆಳು?

ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಒಂದು ಪಟ್ಟಿ ಮಾಡಿ: ‘ದ’ ಗುರುತು ಬಿದ್ದದ್ದೆಲ್ಲ ಯಾರ ಸೊತ್ತು, ಏನು ದುಡಿಯುತ್ತಿತ್ತು. ಭದ್ರತಾ ಘಟಕ ಕಂಪನಿಯದು, ಬಾಡಿಗೆಗೆ ಹೋಗುತ್ತದೆ. ಕ್ಲಾರಾ ಅಂಗಡಿಯ ಕಿಟಕಿಯಲ್ಲಿ ಮಾರಾಟಕ್ಕೆ ನಿಂತಿದ್ದಳು. ಲೆಕಿಯ ದೇಹಗಳು ಯುದ್ಧದ ಸೆರೆ. ರೋಬೋ ಅನ್ನುವ ಪದವೇ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಬಂತು. ಅವರ ಅಣ್ಣ ಯೋಸೆಫ್ ಸೂಚಿಸಿದ್ದು, ಮೂಲ ಬಿಟ್ಟಿ ದುಡಿಮೆಗೆ ಇದ್ದ ಚೆಕ್ ಪದ. ನಮ್ಮ ‘ಆಳು’ ನೋಡಿ: ಮನುಷ್ಯ ಅಂತಲೂ ಆಯಿತು, ಕೂಲಿಯವ ಅಂತಲೂ ಆಯಿತು. ಕ್ರಿಯಾಪದವಾದರೆ ದೊರೆತನ.

ಈ ಪಟ್ಟಿಯನ್ನು ನಾನು ಬಿಡುವುದಿಲ್ಲ. ಮನುಷ್ಯ ಅನ್ನುವ ಕಲ್ಪನೆ ಹಳತಾಯಿತು ಅಂತ ಆಕಳಿಸುವುದು ಆ ಲೆಕ್ಕದಲ್ಲಿ ಮೊದಲಿನಿಂದ ಇದ್ದವರಿಗೆ ಸುಲಭ. ಆಕ್ಟೇವಿಯಾ ಬಟ್ಲರ್ ಅವರ ‘ಡಾನ್’ 1987ರದು, ಹೊಸದೇನಲ್ಲ, ಆದರೂ ಓದಿ. ಅಣುಯುದ್ಧದಲ್ಲಿ ಉಳಿದವರನ್ನು ಅನ್ಯಲೋಕದವರು ಕಾಪಾಡಿದ್ದಾರೆ, ಬದಲಿಗೆ ಅವರ ಜೀನ್‌ಗಳಲ್ಲಿ ಪಾಲು ಕೇಳುತ್ತಾರೆ. ಕೇಳುತ್ತಾರೆ ಅನ್ನುವುದೂ ಪೂರ್ತಿ ನಿಜವಲ್ಲ. ಅನ್ಯಲೋಕದವರ ನೌಕೆಯಲ್ಲಿ ಕಣ್ಣು ಬಿಡುವವಳು ಲಿಲಿತ್ ಅನ್ನುವ ಕಪ್ಪು ಹೆಂಗಸು. ತಳಿ ಬೆರೆಸುವುದರ, ಸೆರೆಯಲ್ಲಿಟ್ಟು ಸಾಕುವುದರ ಇತಿಹಾಸ ಅವಳ ಬೆನ್ನಿಗಿದೆ. ಇದು ರಕ್ಷಣೆಯೋ ಒಡೆತನವೋ ಅಂತ ಬಟ್ಲರ್ ತೀರ್ಪು ಕೊಡುವುದಿಲ್ಲ.

ಮೊದಲ ಸಲ ಮಾಡುವವರು ಸಣ್ಣ ಕಥೆಯಿಂದ ಶುರುಮಾಡಿ, ಮೂರು ಸಂಪುಟಕ್ಕೆ ಕೈಹಾಕಬೇಡಿ. ಎಲ್ಲ ಮುಗಿದ ಮೇಲೆ ಬಾಣ ಬಿದ್ದ ಒಂದು ಪುಟ ಆರಿಸಿ ‘ಬ’ ಇದ್ದ ಕಡೆ ‘ದ’, ‘ದ’ ಇದ್ದ ಕಡೆ ‘ಬ’ ಹಾಕಿ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿ. ಏನೂ ಕೆಡದಿದ್ದರೆ ಕಥೆ ಆ ಗೆರೆಯ ಬಗ್ಗೆ ತಲೆ ಕೆಡಿಸಿಕೊಂಡೇ ಇಲ್ಲ ಅಂತ ಅರ್ಥ. ಯಾವ ವಾಕ್ಯದಲ್ಲಿ ನಾಲಿಗೆ ಎಡವಿತೋ ಅಲ್ಲಿಂದ ಕಥೆಯನ್ನು ಇನ್ನೊಮ್ಮೆ ಓದಿ.

ಆ ಲೇಖಕರ ಹೊಸ ಕಥೆ ಮೊನ್ನೆ ಕರಡಿಗೆ ಬಂತು, ನನಗೇ ಕಳಿಸಬೇಕು ಅಂತ ಹೇಳಿದ್ದರಂತೆ. ಮತ್ತೆ ನೌಕೆ, ಮತ್ತೆ ಮೂರನೆಯ ಪುಟ. ‘ಒಳಗೆ ಐದು ಇದ್ದವು. ನಾಲ್ಕು ಉಸಿರಾಡುತ್ತಿದ್ದವು.’ ಅಭ್ಯಾಸದಿಂದ ಕೈ ‘ನಾಲ್ವರು’ ತಿದ್ದಲು ಹೋಯಿತು. ತಡೆದು, ಅಂಚಿನಲ್ಲಿ ‘ಬೇಕೆಂದೇ?’ ಅಂತ ಮಾತ್ರ ಬರೆದು ಕಳಿಸಿದೆ. ‘ಬೇಕೆಂದೇ’ ಅಂತ ಬಂತು. ಹಾಗೇ ಬಿಟ್ಟಿದ್ದೇನೆ.